ಸೊನ್ನೆಯಿಂದ ಭಾಗಿಸಿದರೆ?

ಕೇಳುಗರೇ, ಯುಗಾದಿ ಊಟದ ಖರ್ಚು 1200 ಡಾಲರ್ ಎನ್ನಿ. ಎಕ್ಸೆಲ್ ಹಾಳೆಯಲ್ಲಿ ಅದನ್ನು ಬಂದವರ ಸಂಖ್ಯೆಯಿಂದ ಭಾಗಿಸುವ ಸೂತ್ರ ಬರೆದಿದ್ದೀರಿ, ಆದರೆ ಆ ಸಂಖ್ಯೆ ತುಂಬಲು ಮರೆತಿದ್ದೀರಿ. ಖಾಲಿ ಸೆಲ್ಲನ್ನು ಸೊನ್ನೆ ಎಂದೆಣಿಸುವ ಎಕ್ಸೆಲ್, ಉತ್ತರದ ಬದಲು ತಪ್ಪಿನ ಸೂಚನೆ ತೋರಿಸುತ್ತದೆ.

ಈ ಭಾಗಾಕಾರ ಕನ್ನಡ ನಾಡಿಗೆ ಹಳೆಯ ಪ್ರಶ್ನೆ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು, ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗದು ಎಂದರು. 1150ರ ಹೊತ್ತಿಗೆ ಭಾಸ್ಕರಾಚಾರ್ಯರು ಅದನ್ನು ‘ಖಹರ’ ಎಂದು ಕರೆದು, ಅನಂತವೆಂದರು. ಇಂದಿನ ಅಂಕಗಣಿತ ಎರಡನ್ನೂ ಬಿಟ್ಟು, ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ.

ಯಂತ್ರ ಮಹಾವೀರಾಚಾರ್ಯರ ಮಾತು ಕೇಳಿದ್ದರೆ, ತಲೆಗೆ 1200 ಡಾಲರ್ ಕೊಡಿ ಎನ್ನುತ್ತಿತ್ತು! ಆ ಸೂಚನೆ ಕಂಡರೆ ಮರೆಮಾಡುವ ಆತುರ ಬೇಡ. ಮೊದಲು ಖಾಲಿ ಸೆಲ್ ಹುಡುಕಿ.