ತುತ್ತು

ಮೆಟ್ರಿಕ್ ಅಳತೆಗಳ ಕಾಯಿದೆ 1956ರಲ್ಲಿ ಬಂದ ತರುವಾಯ ಸೇರು, ಪಾವು, ಚಟಾಕುಗಳೆಲ್ಲ ಒಂದೊಂದಾಗಿ ಅಂಗಡಿಯ ಕಟ್ಟೆಯಿಂದಿಳಿದು, ಕೆಲವು ಅಟ್ಟವನ್ನೂ ಕೆಲವು ನಿಘಂಟನ್ನೂ ಸೇರಿದುವು. ಆದರೆ ಯಾವ ಸರಕಾರದ ಮುದ್ರೆಯನ್ನೂ ಬೇಡದೆ, ಉಣ್ಣುವವರ ಬಾಯಿಗೆ ತಕ್ಕಂತೆ ಹಿಗ್ಗುತ್ತಲೂ ಕುಗ್ಗುತ್ತಲೂ ಇದ್ದು, ನಮ್ಮ ಮನೆಯಲ್ಲಿ ಇಂದಿಗೂ ದಿನಕ್ಕೆ ಮೂರು ಬಾರಿ ಲೆಕ್ಕಕ್ಕೆ ಬರುವ ಅಳತೆಯೊಂದುಂಟು, ಅದು ತುತ್ತು. ಮುದ್ದೆಯುಣ್ಣುವ ನಮ್ಮ ಮಾವನವರಿಗೆ ಅದು ನಿಂಬೆಯ ಗಾತ್ರ. ಎರಡು ವರ್ಷದ ನನ್ನ ಮಗಳಿಗೆ ನೆನೆದ ಕಡಲೆಕಾಳಿನಷ್ಟು. “ಎಷ್ಟು ಉಂಡಳು?” ಎಂದು ಅತ್ತೆಯವರು ಕೇಳಿದರೆ ನಾನು ಬಟ್ಟಲಿನ ಲೆಕ್ಕ ಹೇಳುವವಳಲ್ಲ, “ಒಂಬತ್ತು ತುತ್ತು” ಎನ್ನುವೆನು. ಅಷ್ಟರಿಂದಲೇ ಅವರಿಗೆ ಮಗುವಿನ ಹಸಿವೂ ನನ್ನ ಬೆನ್ನುನೋವೂ ಒಟ್ಟಿಗೆ ತಿಳಿದುಹೋಗುತ್ತವೆ.

ಈ ಅಚ್ಚಗನ್ನಡದ ಮಾತಿಗೆ ಸಂಸ್ಕೃತದಿಂದ ಬಂದ ನಂಟರೂ ಇದ್ದಾರೆ. ‘ಕವಲ’ವೆಂಬುದು ಕನ್ನಡಕ್ಕಿಳಿದು ಎರಡು ದಾರಿ ಹಿಡಿಯಿತು: ‘ಕಬಳ’ವಾಗಿ ಕಬಳಿಸುವುದನ್ನು ಕಲಿತು, ಪರರ ಹೊಲಗದ್ದೆಗಳವರೆಗೂ ಬಾಯಿ ಚಾಚಿತು, ‘ಕವಳ’ವಾಗಿ ಉತ್ತರ ಕನ್ನಡದ ಜಗುಲಿಯ ಮೇಲೆ ಎಲೆಯಡಕೆಯ ರೂಪದಲ್ಲಿ ತುಟಿ ಕೆಂಪಾಗಿಸಿಕೊಂಡು ಸುಖವಾಗಿ ಕುಳಿತಿತು. ‘ಗ್ರಾಸ’ವಾದರೋ ಗೋಗ್ರಾಸವಾಗಿ ಹಸುವಿನ ಬಾಯನ್ನು ಸೇರಿದಂತೆಯೇ ಖಗ್ರಾಸವಾಗಿ ಆಕಾಶಕ್ಕೇರಿ, ನಾವು ಮಕ್ಕಳಿಗೆ ಅನ್ನವುಣಿಸಲು ತೋರಿಸುವ ಆ ಚಂದ್ರನನ್ನೇ ಒಮ್ಮೊಮ್ಮೆ ನುಂಗಿ ಕೂರುತ್ತದೆ. ತುತ್ತು ಮಾತ್ರ ಮನುಷ್ಯನ ಕೈಯನ್ನು ಬಿಡಲಿಲ್ಲ. ಕೈತುತ್ತು ಎನ್ನುತ್ತೇವೆಯೇ ಹೊರತು ಕೈಕಬಳವೆಂದು ಯಾರೂ ಹೇಳರು. ಕೊಡುವ ಕೈಯೊಂದು, ಕೊಳ್ಳುವ ಬಾಯೊಂದು, ಇವೆರಡೂ ಇದ್ದಲ್ಲಿ ಅದು ಪ್ರೀತಿಯ ಮಾತು. ಕೈ ಮರೆಯಾಗಿ ಬರಿಯ ಬಾಯಷ್ಟೇ ಉಳಿದಾಗಲೋ, ಅದೇ ಮಾತು ಭೀಕರವಾಗುತ್ತದೆ: ಬೆಂಕಿಗೆ ತುತ್ತಾದ ಗುಡಿಸಲು, ರೋಗಕ್ಕೆ ತುತ್ತಾದ ಊರು.

ಹೋಲಿಕೆಯಿಂದ ಮೋಸಗೊಳಿಸುವ ಪದಗಳೂ ಇಲ್ಲದಿಲ್ಲ. ಬೆಟ್ಟದ ತುತ್ತತುದಿಗೂ ಅನ್ನದ ತುತ್ತಿಗೂ ಸಂಬಂಧವಿಲ್ಲ. ನಡುವು ನಟ್ಟನಡುವಾದಂತೆ, ಕಡೆಯು ಕಟ್ಟಕಡೆಯಾದಂತೆ, ತುದಿಯು ತನ್ನನ್ನೇ ಇಮ್ಮಡಿಸಿಕೊಂಡು ತುತ್ತತುದಿಯಾಗಿದೆ. ಮಲೆನಾಡಿನ ಅಡಕೆ ಬೆಳೆಗಾರರು ಕೊಳೆರೋಗವನ್ನು ತಡೆಯಲು ಸುಣ್ಣದೊಡನೆ ಬೆರೆಸಿ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತಾದರೋ ನವಿಲ ಕೊರಳಿನ ಬಣ್ಣದ ವಿಷ. ಅದರ ಮೂಲ ಸಂಸ್ಕೃತದ ‘ತುತ್ಥ’. ಕಳೆದ ಮಳೆಗಾಲದ ಮೊದಲಲ್ಲಿ ತವರಿಗೆ ಹೋಗಿದ್ದಾಗ, ನಮ್ಮಪ್ಪ ಕೊಟ್ಟಿಗೆಯ ಕಡೆಗೆ ಮುಖ ಮಾಡಿ “ಮೈಲುತುತ್ತು ಬಂತೇನೋ?” ಎಂದು ಆಳನ್ನು ಕೂಗಿ ಕೇಳಿದರು. ಮಗ್ಗುಲಲ್ಲಿ ಆಡುತ್ತಿದ್ದ ಮಗಳು ಆ ಮಾತಿನ ಉತ್ತರಾರ್ಧವನ್ನಷ್ಟೇ ಗ್ರಹಿಸಿ, ತಲೆಯೆತ್ತಿ, ಹಕ್ಕಿಮರಿಯಂತೆ ಬಾಯಿ ತೆರೆದು ನಿಂತಳು. ಅಪ್ಪ ನಕ್ಕರು; ಆಮೇಲೆ ಎದ್ದುಹೋಗಿ ಆ ಚೀಲವನ್ನು ಅಟ್ಟಕ್ಕೆ ಹಾಕಿಸಿದರು.

ಕರೆಯದೆ ತೆರೆದ ಆ ಬಾಯಿ ಊಟದ ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳುವುದೇ ಸಂಸಾರದ ಸೋಜಿಗ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿಯ ಸರಿಯನ್ನು ಆರು ತಿಂಗಳು ತುಂಬಿದಾಗ ಚಪ್ಪರಿಸಿ ನೆಕ್ಕಿದವಳು, ಈಗ ನಾನು ಮೆತ್ತಗಿನ ಅನ್ನಕ್ಕೆ ತೊವ್ವೆ ತುಪ್ಪಗಳನ್ನು ಕಲಸಿ ಕೈಯೆತ್ತುವಷ್ಟರಲ್ಲಿ ತುಟಿಗೆ ಬೀಗ ಜಡಿಯುತ್ತಾಳೆ. ಆಗ ಇದು ಅಜ್ಜಿಯ ತುತ್ತು, ಇದು ತಾತನ ತುತ್ತು, ಇದು ಗೋಡೆಯ ಮೇಲಿನ ಕಾಗೆಯ ತುತ್ತು ಎಂದು ಹಂಚುತ್ತ ಹೋಗಿ, ಬಂಧುಬಳಗವೆಲ್ಲ ತೀರಿದ ಮೇಲೆ “ಇದೇ ಕಡೇ ತುತ್ತು, ಚಿನ್ನ” ಎಂದು ಸುಳ್ಳಾಡಬೇಕು. ನಮ್ಮಲ್ಲಿ ಕಡೆಯ ತುತ್ತು ಒಂದೊಂದು ಊಟಕ್ಕೂ ನಾಲ್ಕು ಬಾರಿ ಬರುತ್ತದೆ. ತುತ್ತಿಗೆ ತತ್ವಾರವಾದ ಮನೆಗಳೂ ಇರುವ ಊರಿನಲ್ಲಿ, ಮಗು ಉಣ್ಣಲೊಲ್ಲದೆಂದು ದೂರುವುದೂ ಒಂದು ಬಗೆಯ ಐಶ್ವರ್ಯವೆಂಬುದನ್ನು ನಾನು ಮರೆತವಳಲ್ಲ, ಆದರೂ ದೂರುತ್ತೇನೆ.

ಇಂದು ಮಧ್ಯಾಹ್ನ ಎಂದಿನಂತೆ ಬಾಯಿ ಮುಚ್ಚಿಕೊಂಡವಳು, ನಾನು ಸೋತು ಗೋಡೆಗೊರಗಿದುದನ್ನು ಕಂಡು, ಬಟ್ಟಲಿಗೆ ಐದು ಬೆರಳನ್ನೂ ಅದ್ದಿ, ಅರ್ಧ ಅನ್ನವನ್ನು ನೆಲಕ್ಕೂ ಉಳಿದರ್ಧವನ್ನು ನನ್ನ ಮೂಗಿಗೂ ಸವರುತ್ತ, “ಅಮ್ಮಂಗೆ... ಆ...” ಎಂದು ತಾನೇ ಬಾಯಿ ತೆರೆದು ತೋರಿಸಿದಳು. ನಾಲ್ಕು ಅಗುಳು ಒಳಗೆ ಹೋದುವು. ಉಪ್ಪು ಹಾಕುವುದನ್ನು ನಾನು ಮರೆತಿದ್ದೆನೆಂಬುದು ಆಗ ತಿಳಿಯಿತು. ಸಂಜೆ ಅತ್ತೆಯವರು ಕೇಳಿದಾಗ ಲೆಕ್ಕ ಒಪ್ಪಿಸಿದೆ: ಮಗಳಿಗೆ ಆರು ತುತ್ತು, ಕಾಗೆಗೆ ಎರಡು, ನನಗೆ ಒಂದು.