ಸಣ್ಣ ಜನರೇಟರಿನಿಂದ ವಿದ್ಯುತ್ ಬಾರದಿದ್ದಲ್ಲಿ ಕೈಗೊಳ್ಳಬೇಕಾದ ಪರಿಶೀಲನೆ
ಎಂಜಿನ್ ಚಾಲನೆಯಲ್ಲಿದ್ದರೂ ಜನರೇಟರಿನಿಂದ ವಿದ್ಯುತ್ ಬಾರದಿದ್ದಲ್ಲಿ, ಬಳಕೆದಾರರು ಮೊದಲು ಎಲ್ಲ ಉಪಕರಣಗಳ ಸಂಪರ್ಕ ತೆಗೆದು, ಸರ್ಕ್ಯೂಟ್ ಬ್ರೇಕರ್ ಟ್ರಿಪ್ ಆಗಿದೆಯೇ ಎಂದು ಪರಿಶೀಲಿಸತಕ್ಕದ್ದು.

50 ಹರ್ಟ್ಸ್‌ನ ಎರಡು ಧ್ರುವಗಳ ಜನರೇಟರು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಬೇಕು. ವೇಗ ಕುಗ್ಗಿದಲ್ಲಿ ವೋಲ್ಟೇಜ್ ಸಹ ಕುಗ್ಗುತ್ತದೆ. ವೇಗ ಸರಿಯಿದ್ದು, 230 ವೋಲ್ಟ್ ಬದಲು ಕೆಲವೇ ವೋಲ್ಟ್ ಕಂಡುಬಂದಲ್ಲಿ, ದೋಷವು ಸಾಮಾನ್ಯವಾಗಿ ಕೆಪಾಸಿಟರ್ ಅಥವಾ ವೋಲ್ಟೇಜ್ ನಿಯಂತ್ರಕದಲ್ಲಿರುತ್ತದೆ. ವೋಲ್ಟೇಜ್ ಶೂನ್ಯವಾಗಿದ್ದಲ್ಲಿ ತಂತಿ ತುಂಡಾಗಿರಬಹುದು ಅಥವಾ ದೀರ್ಘಕಾಲ ಬಳಸದ ಕಾರಣ ರೋಟರಿನ ಶೇಷ ಕಾಂತತ್ವ ನಶಿಸಿರಬಹುದು.

ಎಂಜಿನ್ ನಿಲ್ಲಿಸಿದ ನಂತರವೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ, ಒಳಭಾಗಗಳನ್ನು ನುರಿತ ಎಲೆಕ್ಟ್ರಿಷಿಯನ್‌ರಿಂದಲೇ ಪರೀಕ್ಷಿಸತಕ್ಕದ್ದು.

ದುರಸ್ತಿಯಾದ ಜನರೇಟರನ್ನು ಚೇಂಜ್ ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಜೋಡಿಸಕೂಡದು. ಜೋಡಿಸಿದಲ್ಲಿ ವಿದ್ಯುತ್ ಹಿಮ್ಮುಖವಾಗಿ ಹರಿದು, ಕಂಬದ ಮೇಲೆ ಕೆಲಸದಲ್ಲಿರುವ ಲೈನ್‌ಮನ್‌ಗಳ ಪ್ರಾಣಕ್ಕೆ ಎರವಾಗಬಹುದು.