ಬೋರ್‌ವೆಲ್ ಪುಡಿಯಲ್ಲಿ ಸಿಕ್ಕ ಬೆಟ್ಟದ ಬೇರು

ಹೋದ ವಾರ ನಮ್ಮ ಮೂರನೇ ಬೋರೂ ಫೇಲಾಯ್ತು. 720 ಅಡಿ. ಮೊದಲ 15 ಅಡಿ ಕೆಂಪು ಮಣ್ಣು, ಆಮೇಲೆ 60 ಅಡಿವರೆಗೆ ಸುದ್ದೆ, ಅಲ್ಲಿಂದಾಚೆ ಬರೀ ಬೂದು ಪುಡಿ. "ಇನ್ನೊಂದೆರಡು ರಾಡ್ ಇಳಿಸೋಣ ಸಾರ್" ಅಂತ ರಿಗ್ಗಿನವನು ಹೇಳ್ತಾನೇ ಇದ್ದ. ಬದುವಿನ ಮೇಲೆ ಕೂತಿದ್ದ ಅಪ್ಪ "ಕಲ್ಲು ಬಂದದೆ ಕನಾ, ನಿಲ್ಸು" ಅಂದರು. ನಾನು ನಿಲ್ಲಿಸಲಿಲ್ಲ. ದುಡ್ಡು ಹೋಯ್ತು, ಅರಿಶಿನಕ್ಕೆ ನೀರಿಲ್ಲ.

ಆ ಪುಡಿಯನ್ನು ಒಂದು ಬೊಗಸೆ ತೊಳೆದು ನೋಡಿದೆ. ಬಿಳಿ, ಕಪ್ಪು, ನಸುಗೆಂಪು ಕಾಳುಗಳು. ಈ ಕಲ್ಲು ಎಲ್ಲಿಂದ ಬಂತು ಅಂತ ಓದುತ್ತಾ ಹೋದಾಗ ತಿಳಿದದ್ದನ್ನು ಬರೀತಿದೀನಿ. ಬೋರ್ ಕೊರೆಸುವ ಯೋಚನೆ ಇರುವವರು ಪೂರ್ತಿ ಓದಿ.

ನಮ್ಮ ಕಡೆ ಎಲ್ಲ ಗಟ್ಟಿ ಕಲ್ಲಿಗೂ ಗ್ರಾನೈಟ್ ಅಂತಲೇ ಹೆಸರು. ನಿಜವಾಗಿ ಮುಖ್ಯವಾಗಿ ಮೂರು ಬಗೆ ಇವೆ. ಬಂಡೆಗಳ ಮೇಲೆ ಬಿಳಿ-ಕಪ್ಪು ಪಟ್ಟೆ ಕಾಣುತ್ತದಲ್ಲ, ಅದು ನೈಸ್. ಗ್ರಾನೈಟಿನ ಜಾತಿಯ ಕಲ್ಲೇ ಭೂಮಿಯೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹೀಗಾದದ್ದು. ಚಾಮರಾಜನಗರದ ಹೆಸರಲ್ಲಿ ಹೊರದೇಶಕ್ಕೆ ಹೋಗುವ ಕರಿಕಲ್ಲು ಗ್ರಾನೈಟೇ ಅಲ್ಲ, ಡಾಲರೈಟ್. ಹಳೇ ಬಂಡೆಯ ಬಿರುಕಿಗೆ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾದ ಶಿಲಾರಸ. ಮೂರನೆಯದು ನಮ್ಮ ಹೊಲದಿಂದ ಪೂರ್ವಕ್ಕೆ ಕಾಣುವ ಬಿಳಿಗಿರಿರಂಗನ ಬೆಟ್ಟದ ಕಲ್ಲು, ಚಾರ್ನಕೈಟ್. ಒಡೆದರೆ ಎಣ್ಣೆ ಸವರಿದ ಹಾಗೆ ಹಸಿರುಗಪ್ಪು. ಕಲ್ಕತ್ತೆಯಲ್ಲಿ ಜಾಬ್ ಚಾರ್ನಕ್ ಎಂಬ ಇಂಗ್ಲಿಷರವನ ಸಮಾಧಿಗೆ ಹಾಸಿದ್ದು ಇದೇ ಜಾತಿಯ ಕಲ್ಲು. ಅದನ್ನು ನೋಡಿ 1893ರಲ್ಲಿ ಹಾಲೆಂಡ್ ಎಂಬ ಭೂವಿಜ್ಞಾನಿ ಈ ಹೆಸರಿಟ್ಟ.

ಈ ಚಾರ್ನಕೈಟ್ ಹೊಲದ ಮಟ್ಟದಲ್ಲಿ ಹುಟ್ಟುವ ಕಲ್ಲಲ್ಲ. ಒಳಗಿರುವ ಖನಿಜಗಳನ್ನು ಪರೀಕ್ಷಿಸಿದರೆ ಅದು ಎಷ್ಟು ಒತ್ತಡದಲ್ಲಿ, ಎಷ್ಟು ಶಾಖದಲ್ಲಿ ಬೆಂದಿದೆ ಅಂತ ಲೆಕ್ಕ ಸಿಗುತ್ತದೆ. ನಮ್ಮ ಬೆಟ್ಟದ ಕಲ್ಲು ಬೆಂದದ್ದು ಸುಮಾರು 20-30 ಕಿ.ಮೀ. ಆಳದಲ್ಲಿ. ಕರ್ನಾಟಕದ ನೆಲವೇ ಉತ್ತರದಿಂದ ದಕ್ಷಿಣಕ್ಕೆ ಓರೆಯಾಗಿ ಎದ್ದು ಸವೆದಿದೆ. ಹಾಗಾಗಿ ಚಿತ್ರದುರ್ಗದಿಂದ ಹೊರಟು ನಮ್ಮ ಬೆಟ್ಟಕ್ಕೆ ಬಂದರೆ, ಬಸ್ಸಿನಲ್ಲಿ ಕೂತೇ ಭೂಮಿಯೊಳಕ್ಕೆ ಇಳಿದಂತೆ. ರಾಮನಗರದ ಬೆಟ್ಟಗಳ ಗ್ರಾನೈಟೂ ಇದನ್ನೇ ಹೇಳುತ್ತದೆ. ಸುಮಾರು 250 ಕೋಟಿ ವರ್ಷದ ಆ ಕಲ್ಲಿನ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 400 ಕಿ.ಮೀ. ಉದ್ದ ಇದೆ. ದಕ್ಷಿಣದ ತುದಿ ಕಬ್ಬಾಳದುರ್ಗದ ಕಡೆ ಅದರ ಬೇರು, ಅಂದರೆ ಕಲ್ಲು ಕರಗಿದ ಜಾಗ ಕಾಣುತ್ತದೆ. ಉತ್ತರದಲ್ಲಿ ಅದೇ ರಸ ಮೇಲಕ್ಕೆ ಬಂದು ತಣ್ಣಗಾದ ಭಾಗ ಕಾಣುತ್ತದೆ.

ಕಾಲ ಹೇಳುವುದು ಜಿರ್ಕಾನ್ ಎಂಬ ಸಣ್ಣ ಹರಳು. ಅದು ಹುಟ್ಟುವಾಗ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಮ್ಮಿ ಸೇರಿಸುವುದಿಲ್ಲ. ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತಾ ಹೋಗುತ್ತದೆ. ಈಗ ಎಷ್ಟು ಸೀಸ ಇದೆ ಅಂತ ಅಳೆದರೆ ವಯಸ್ಸು ಸಿಕ್ಕಿತು. ಬಿಳಿಗಿರಿ ಬೆಟ್ಟದ ಹರಳುಗಳಲ್ಲಿ ಹಳೆಯವು ಸುಮಾರು 340 ಕೋಟಿ ವರ್ಷದವು. ಆದರೆ ಕಲ್ಲು ಮತ್ತೆ ಬೆಂದ ಗುರುತು ಇರುವುದು ಸುಮಾರು 250 ಕೋಟಿ ವರ್ಷದ ಹಿಂದಿನದು.

ಆಗ ಏನಾಯ್ತು? ಲೆಕ್ಕ ಹಾಕಿ. 20-30 ಕಿ.ಮೀ. ಆಳದ ಕಲ್ಲು ಇವತ್ತು ಮೇಲಿದೆ. ಅದರ ಕೆಳಗೆ ಈಗಲೂ 35 ಕಿ.ಮೀ.ಗಿಂತ ದಪ್ಪ ತೊಗಟೆ ಇದೆ. ಎರಡನ್ನೂ ಕೂಡಿದರೆ 60ರ ಆಸುಪಾಸು. ಅಷ್ಟು ದಪ್ಪ ತೊಗಟೆ ಇವತ್ತು ಕಾಣುವುದು ಹಿಮಾಲಯ, ಟಿಬೆಟ್ಟಿನಂಥ ಕಡೆ, ಎರಡು ಭೂಖಂಡ ಗುದ್ದಿಕೊಂಡಲ್ಲಿ. ಗುಂಡ್ಲುಪೇಟೆಯ ದಕ್ಷಿಣಕ್ಕೆ, ಬಂಡೀಪುರ ದಾಟಿದ ಮೇಲೆ ಮೋಯಾರ್ ಕಮರಿ, ಅದರಾಚೆ ನೀಲಗಿರಿ ಗೋಡೆಯಂತೆ ನಿಂತಿದೆ. ಆ ಕಮರಿಯ ಸಾಲಿನಲ್ಲೇ ನೀಲಗಿರಿಯ ತುಂಡು ನಮ್ಮ ಮೈಸೂರು ಸೀಮೆಯ ನೆಲಕ್ಕೆ ಬಂದು ಬೆಸೆದುಕೊಂಡಿತು ಅನ್ನುವುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಈಗಿರುವ ಬೆಟ್ಟ ಆವತ್ತಿನ ಪರ್ವತ ಅಲ್ಲ. ಆ ಪರ್ವತ ಎಂದೋ ಸವೆದು ಹೋಯ್ತು. ಅದರ ಬೇರು ನಮ್ಮ ಕಣ್ಣೆದುರಿಗಿದೆ.

ಇನ್ನು ನೀರಿನ ಮಾತು. ಕಬ್ಬಾಳದುರ್ಗದ ಕ್ವಾರಿಯಲ್ಲಿ ನೈಸ್ ಬಂಡೆಯ ನಡುವೆ ಅಲ್ಲಲ್ಲಿ ಚಾರ್ನಕೈಟಿನ ಕಪ್ಪು ಕಲೆಗಳಿವೆ. ಒಂದು ಕಲ್ಲು ಇನ್ನೊಂದಾಗುತ್ತಿರುವಾಗಲೇ ನಿಂತುಹೋಗಿದೆ ಅಂತ 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ತೋರಿಸಿದರು. 1979ರಲ್ಲಿ ಮೈಸೂರಿನ ಎ.ಎಸ್. ಜನಾರ್ದನ್, ಅಮೆರಿಕದ ಆರ್.ಸಿ. ನ್ಯೂಟನ್ ಮೊದಲಾದವರು ಕಾರಣ ಹುಡುಕಿದರು. ಆಳದಿಂದ ಬಂದ ಕಾರ್ಬನ್ ಡೈಆಕ್ಸೈಡ್ ಕಲ್ಲಿನೊಳಗಿನ ನೀರಿನಂಶವನ್ನು ಓಡಿಸಿದೆ ಅಂತ. ಅಂದರೆ ಚಾರ್ನಕೈಟ್ ನೀರು ಬಿಟ್ಟು ಒಣಗಿದ ಕಲ್ಲು.

ಖನಿಜದೊಳಗಿನ ಆ ನೀರೇ ಬೇರೆ, ಪಂಪಿನಲ್ಲಿ ಬರುವ ನೀರೇ ಬೇರೆ, ಒಪ್ಪುತ್ತೇನೆ. ಆದರೆ ಅಷ್ಟು ಆಳದಲ್ಲಿ ಬೆಂದು ಅದುಮಿಸಿಕೊಂಡ ಕಲ್ಲಿನಲ್ಲಿ, ಅದು ನೈಸ್ ಇರಲಿ ಚಾರ್ನಕೈಟ್ ಇರಲಿ, ಮರಳಿನ ಹಾಗೆ ನೀರು ನಿಲ್ಲುವ ಸಂದು ಇಲ್ಲ. ನೀರು ಇರುವುದು ಎರಡೇ ಕಡೆ: ಮೇಲಿನ ಕೊಳೆತ ಕಲ್ಲಿನ ಸುದ್ದೆಯಲ್ಲಿ, ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕು ಕಮ್ಮಿ, ಇದ್ದರೂ ಬಿಗಿ. ಕರಿಕಲ್ಲಿನ ಗೋಡೆ ಅಡ್ಡ ಇದ್ದರೆ ಒಂದು ಕಡೆ ನೀರು ನಿಂತು, ಇನ್ನೊಂದು ಕಡೆ ಒಣಗಿರಬಹುದು. ಪಕ್ಕದವನ ಬೋರಿನಲ್ಲಿ ಬಂತು, ನಮ್ಮದರಲ್ಲಿ ಬರಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ತಾತ ತೋಡಿಸಿದ 45 ಅಡಿಯ ತೆರೆದ ಬಾವಿ ನಮ್ಮ ಹೊಲದ ಮೂಲೆಯಲ್ಲಿದೆ. ಸುದ್ದೆಯಲ್ಲೇ ನಿಂತಿದೆ. ಬೋರ್ ಬಂದಮೇಲೆ ಅದಕ್ಕೆ ಕಸ ತುಂಬಿದವನು ನಾನೇ. ನಾಲ್ಕನೇ ಬೋರಿಗೆ ಅಂತ ಸಾಲ ಕೇಳಿದ್ದೆ, ಬೇಡ ಅಂದುಬಿಟ್ಟೆ. ಸೋಮವಾರದಿಂದ ಬಾವಿ ಹೂಳು ತೆಗೆಸ್ತೀವಿ, ಮೇಲುಗಡೆ ಮಳೆನೀರು ನಿಲ್ಲೋಕೆ ಒಂದು ಹೊಂಡ. ಈ ಸಲದ ಅರಿಶಿನ ಉಳಿಯುತ್ತದೆ ಅನ್ನುವ ಭರವಸೆ ನನಗಿಲ್ಲ. ಬಾವಿಗೆ ಎಷ್ಟು ನೀರು ಬಂತು ಅಂತ ಮಳೆ ಮುಗಿದ ಮೇಲೆ ಅಳೆದು ಇಲ್ಲೇ ಬರೀತೀನಿ.

ನಿಮ್ಮ ಹೊಲದಲ್ಲಿ ಎಷ್ಟು ಅಡಿಗೆ ಗಟ್ಟಿ ಕಲ್ಲು ಬಂತು, ಎಷ್ಟಕ್ಕೆ ನೀರು ಸಿಕ್ಕಿತು, ಊರಿನ ಹೆಸರಿನ ಜೊತೆ ಹೇಳಿ. ಹತ್ತು ಊರಿನ ಲೆಕ್ಕ ಒಟ್ಟಾದರೆ ಹನ್ನೊಂದನೆಯವನ ದುಡ್ಡಾದರೂ ಉಳಿಯಬಹುದು.